ಬಿಟ್ಟಿದ್ದ ಬ್ರಶ್ ಮತ್ತೆ ಹಿಡಿದಿದ್ದೇನೆ, ಕೈ ಸಡಿಲವಾಗುತ್ತಿಲ್ಲ. ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಬಿವಿಎ (ಚಿತ್ರಕಲೆಯ ಪದವಿ) ಓದುತ್ತಿದ್ದೇನೆ. ಮನೆಯ ಕಷ್ಟಕ್ಕೆ ನಡುವೆ ಕಾಲೇಜು ಬಿಟ್ಟು ಕೆಲಸಕ್ಕೆ ಹೋಗಿದ್ದೆ, ಈಗ ಮತ್ತೆ ಸೇರಿಕೊಂಡಿದ್ದೇನೆ. ಮೊದಲೆಲ್ಲ ಫೋಟೋ ನೋಡಿ ಹಾಗೇ ಇಳಿಸುತ್ತಿದ್ದೆ, ರೆಪ್ಪೆಗೂದಲು ಸಹ ಬಿಡುತ್ತಿರಲಿಲ್ಲ. ಈಗ ಅದು ಬೇಡ ಅನ್ನಿಸುತ್ತಿದೆ. ನಾಲ್ಕು ಗೀಟು ಎಳೆದರೆ ಮನುಷ್ಯ ನಿಂತ ಹಾಗೆ ಕಾಣಬೇಕು, ಅಂಥ ಚಿತ್ರ ಮಾಡುವ ಆಸೆ. ಆದರೆ ಶುರು ಮಾಡಿ ಸ್ವಲ್ಪ ಹೊತ್ತಿಗೆ ಸಣ್ಣ ಬ್ರಶ್ ಕೈಗೆ ಬಂದುಬಿಡುತ್ತದೆ. ತಿದ್ದಿ ತಿದ್ದಿ ಮತ್ತೆ ಹಳೇ ಕಥೆ. ವಾಟರ್‌ಕಲರ್, ಅಕ್ರಿಲಿಕ್ ಎರಡೂ ಇವೆ. ಇದನ್ನು ದಾಟಿ ಬಂದವರು ಏನು ಮಾಡಿದಿರಿ?

ಮೈಸೂರಿನಿಂದ ಒಬ್ಬರು:
ಸಣ್ಣ ಬ್ರಶ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ತಮಾಷೆ ಅಲ್ಲ, ನಾನು ಮಾಡಿದ್ದು ಅದನ್ನೇ. ಅಕ್ರಿಲಿಕ್‌ಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದು ಇಂಚಿನ ಪೇಂಟ್ ಬ್ರಶ್ ಸಾಕು, ಕೂದಲು ಉದುರುತ್ತೆ, ಉದುರಲಿ. ಕೂತು ಮಾಡಬೇಡಿ, ನಿಂತು ಮಾಡಿ. ಬ್ರಶ್ಶಿನ ಹಿಡಿಯನ್ನು ತುದಿಯಲ್ಲಿ ಹಿಡಿದರೆ ಬೆರಳು ಆಡುವುದಿಲ್ಲ, ಭುಜ ಆಡುತ್ತದೆ.

ಬೆಂಗಳೂರಿನಿಂದ, ಪುಸ್ತಕಗಳಿಗೆ ಚಿತ್ರ ಬರೆಯುವವರು:
ಮೇಲಿನವರು ಹೇಳಿದ್ದು ಸರಿ, ಆದರೆ ಅಷ್ಟೇ ಸಾಲದು. ಏನು ಬಿಡಬೇಕು ಅಂತ ಮೊದಲೇ ತೀರ್ಮಾನ ಮಾಡದೆ ಶುರು ಮಾಡಿದರೆ ಎಷ್ಟು ದೊಡ್ಡ ಬ್ರಶ್ ಇದ್ದರೂ ಕೈ ಬಿಗಿಯಾಗುತ್ತದೆ.

ಕೆ.ಆರ್. ಮಾರ್ಕೆಟ್ಟಿನ ಚೆಂಡುಹೂವಿನ ರಾಶಿ ತಗೊಳ್ಳಿ. ಕಣ್ಣು ಕಿರಿದು ಮಾಡಿ ನೋಡಿ. ಬಿಡಿ ಹೂವು ಮಾಯವಾಗಿ ಒಂದು ಕಿತ್ತಳೆ ಗುಡ್ಡ ಉಳಿಯುತ್ತದೆ. ಬೆಳಕು ಬಿದ್ದ ಕಡೆ ಹಳದಿಗೆ ತಿರುಗಿದ ಕಿತ್ತಳೆ, ನೆರಳಿನ ಕಡೆ ಇಟ್ಟಿಗೆ ಬಣ್ಣ, ಬುಡದಲ್ಲಿ ಗೋಣಿಚೀಲಕ್ಕೆ ತಾಗುವಲ್ಲಿ ಕಡುಕಂದು. ಮೂರೇ ಟೋನ್. ಮೊದಲು ಬೆಂಕಿಪೊಟ್ಟಣದಷ್ಟು ಚೌಕದೊಳಗೆ ಪೆನ್ಸಿಲಿನಲ್ಲಿ ಈ ಮೂರನ್ನೇ ತುಂಬಿ. ಅಲ್ಲಿ ಚಿತ್ರ ನಿಂತರೆ ದೊಡ್ಡ ಕಾಗದದಲ್ಲೂ ನಿಲ್ಲುತ್ತದೆ. ಆಮೇಲೆ ಕಿತ್ತಳೆಯನ್ನು ಒಂದೇ ಸಲ ನೀರಾಗಿ ಹರಡಿ. ಅದು ಹಸಿ ಇರುವಾಗಲೇ ನೆರಳಿನ ಬಣ್ಣ ತಾಗಿಸಿ, ಅಂಚು ತಾನಾಗಿಯೇ ಕರಗುತ್ತದೆ. ಪೂರ್ತಿ ಒಣಗಿದ ಮೇಲೆ ಬೆಳಕು ನೆರಳು ಸೇರುವ ಗಡಿಯಲ್ಲಿ ಮೂರೋ ನಾಲ್ಕೋ ಹೂವಿಗೆ ಮಾತ್ರ ಎಸಳು ಕೊಡಿ. ಉಳಿದದ್ದನ್ನು ನೋಡುವವರ ಕಣ್ಣೇ ಬಿಡಿಸಿಕೊಳ್ಳುತ್ತದೆ.

ಹೂ ಮಾರುವಾಕೆಯ ಮುಖಕ್ಕೆ ಕಣ್ಣು ಮೂಗು ಬೇಕಿಲ್ಲ. ಹಣೆ ಮೇಲೆ ಬೆಳಕು, ಗದ್ದದ ಕೆಳಗೆ ನೆರಳು, ಸಾಕು. ಆದರೆ ತಲೆ ಎಷ್ಟು ಬಾಗಿದೆ ಅನ್ನುವುದು ಮಾತ್ರ ತಪ್ಪಬಾರದು. ಅದು ತಪ್ಪಿದರೆ ಯಾವ ಶೈಲಿಯೂ ಕಾಪಾಡುವುದಿಲ್ಲ.

ಧಾರವಾಡದಿಂದ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು:
ತಂಗಿ, ನನ್ನದು ಸ್ವಲ್ಪ ಬೇರೆ ಮಾತು. ಇಷ್ಟು ದಿನ ಬಿಟ್ಟು ಬಂದಿದ್ದೀಯ, ಮೊದಲು ಬಣ್ಣ ಪಕ್ಕಕ್ಕಿಡು. ಒಂದು ಬಾಲ್ ಪೆನ್, ಒಂದು ಅಗ್ಗದ ನೋಟ್‌ಬುಕ್ ತಗೊಂಡು ಬಸ್ ಸ್ಟ್ಯಾಂಡಿಗೆ ಹೋಗು. ಪೆನ್ನಲ್ಲಿ ಬರೆದದ್ದನ್ನು ಅಳಿಸಲು ಆಗುವುದಿಲ್ಲ, ಅದೇ ಅದರ ಉಪಕಾರ. ಜನ ಬಸ್ ಬಂತು ಅಂತ ಎದ್ದು ಓಡುತ್ತಾರೆ, ನಿನ್ನ ಚಿತ್ರ ಮುಗಿಯಲಿ ಅಂತ ಯಾರೂ ಕಾಯುವುದಿಲ್ಲ. ಬೆನ್ನಿನ ಗೀಟು, ಭಾರ ಬಿದ್ದ ಕಾಲು, ಇಷ್ಟು ಸಿಕ್ಕರೆ ಆ ಮನುಷ್ಯ ಸಿಕ್ಕ ಹಾಗೆ.

ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದ್ದೀಯಲ್ಲ? ನರ್ತಕಿಯ ಇಡೀ ದೇಹ ಕೆಲವೇ ಗೀಟಿನಲ್ಲಿ ತಿರುಗುತ್ತದೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪಳಗಿದ ಕೈ ಅದು. ಅಷ್ಟಾದರೂ ಲಯ ಅರ್ಥವಾಗಲಿ ಅಂತ ಅವರು ಕಥಕ್ ಕಲಿತರು. ನಿನ್ನನ್ನು ಕುಣಿ ಅನ್ನುತ್ತಿಲ್ಲ! ಆದರೆ ಬುಟ್ಟಿ ಹೊತ್ತವರನ್ನು ಬಿಡಿಸುವ ಮುಂಚೆ ನೀನೂ ಹಾಗೆ ನಿಂತು ನೋಡು. ಸೊಂಟ ಯಾವ ಕಡೆ ಹೋಗುತ್ತದೆ ಅಂತ ಮೈಗೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಮೇಷ್ಟ್ರೇ, ನಾಳೆಯಿಂದಲೇ ಬಸ್ ಸ್ಟ್ಯಾಂಡ್. ಚೆಂಡುಹೂ ಕೂಡ ಮಾಡಿ ನೋಡಿದೆ. ನೀರು ಜಾಸ್ತಿ ಹಾಕಿದ ತಕ್ಷಣ ಕಾಗದ ಉಬ್ಬಿ ಬಣ್ಣವೆಲ್ಲ ಹಳ್ಳಕ್ಕೆ ಹರಿಯುತ್ತದೆ. ನೆರಳಿನ ಬಣ್ಣ ಕೆಸರಾಗುತ್ತದೆ. ಒಳ್ಳೆ ಕಾಗದ ದುಬಾರಿ, ಅದರ ಮೇಲೆ ಧೈರ್ಯವೇ ಬರುವುದಿಲ್ಲ.

ಉಡುಪಿಯಿಂದ ಒಬ್ಬರು:
ತೆಳು ಕಾರ್ಟ್ರಿಜ್ ಕಾಗದ ಅಷ್ಟು ನೀರು ತಡೆಯುವುದಿಲ್ಲ. 300 ಜಿಎಸ್‌ಎಂನ ದಪ್ಪ ಕಾಗದ ತಗೊಳ್ಳಿ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು), ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿ. ಕೆಟ್ಟರೆ ಹಿಂದಿನ ಮೈ ಇದೆ. ಹತ್ತಿಯ ಕಾಗದ ಜಾಸ್ತಿ ಹೊತ್ತು ಹಸಿ ಇರುತ್ತದೆ, ಆದರೆ ಅಭ್ಯಾಸಕ್ಕೆ ಅದೇ ಆಗಬೇಕೆಂದಿಲ್ಲ. ಧೈರ್ಯದ ಪ್ರಶ್ನೆಯಾದರೆ ಹಳೇ ನ್ಯೂಸ್‌ಪೇಪರ್ ಮೇಲೆ ಪೋಸ್ಟರ್ ಕಲರಿನಲ್ಲಿ ಮಾಡಿ, ಕಳೆದುಕೊಳ್ಳುವುದು ಏನೂ ಇರುವುದಿಲ್ಲ.

ಕೆಸರಾಗುವುದು ಹೆಚ್ಚಾಗಿ ಅರ್ಧ ಒಣಗಿದ ಜಾಗಕ್ಕೆ ಮತ್ತೆ ಬ್ರಶ್ ಹಾಕುವುದರಿಂದ. ಹಸಿ ಇರುವಾಗ ಹಾಕಿ, ಇಲ್ಲವೇ ಪೂರ್ತಿ ಒಣಗಲು ಬಿಡಿ, ನಡುವೆ ಮುಟ್ಟಲೇಬೇಡಿ. ಬಣ್ಣವೂ ಕಡಿಮೆ ಇಟ್ಟುಕೊಳ್ಳಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ) ಮೂರರಲ್ಲೇ ಎಷ್ಟೋ ನಡೆಯುತ್ತದೆ. ಮೊದಲೆರಡನ್ನು ಗಟ್ಟಿಯಾಗಿ ಬೆರೆಸಿದರೆ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ, ಟ್ಯೂಬಿನ ಕಪ್ಪು ಬೇಡ. ಹೂವಿಗೆ ಮಾತ್ರ ಒಂದು ಕಿತ್ತಳೆ ಸೇರಿಸಿಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಒಂದು ವಾಶ್ (ನೀರಾಗಿ ಹರಡಿದ ಬಣ್ಣ) ಒಣಗುವಷ್ಟರಲ್ಲಿ ಊಟ ಮುಗಿಸಿ ಬರಬಹುದು, ಹಾಗಾಗಿ ಒಟ್ಟಿಗೆ ಎರಡು ಚಿತ್ರ ಇಟ್ಟುಕೊಳ್ಳುತ್ತೇನೆ. ಒಂದು ಒಣಗುವಾಗ ಇನ್ನೊಂದು. ತಿದ್ದುವ ಚಟಕ್ಕೂ ಅದೇ ಮದ್ದು. ಬಯಲುಸೀಮೆಯ ಬೇಸಿಗೆಯಲ್ಲಿ ಅಕ್ರಿಲಿಕ್ ತಟ್ಟೆಯಲ್ಲೇ ಒಣಗುತ್ತದೆ, ಬಣ್ಣದ ಕೆಳಗೆ ಒದ್ದೆ ಬಟ್ಟೆ ಹಾಸಿ.

ಮತ್ತೆ ಬೆಂಗಳೂರಿನವರು:
ನಡುವೆ ಬಿಟ್ಟದ್ದಕ್ಕೆ ಕೊರಗಬೇಡಿ. ರುಮಾಲೆ ಚನ್ನಬಸವಯ್ಯ ಸ್ವಾತಂತ್ರ್ಯ ಹೋರಾಟ, ರಾಜಕೀಯ ಅಂತ ವರ್ಷಗಟ್ಟಲೆ ಓಡಾಡಿ, 1960ರ ದಶಕದಲ್ಲಿ ಪೂರ್ತಿ ಚಿತ್ರಕ್ಕೆ ಮರಳಿದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಚುಕ್ಕೆ, ಗೀಟು, ದಪ್ಪ ಬಣ್ಣದಲ್ಲಿ ಕಟ್ಟಿದ್ದು ಆಮೇಲೆಯೇ. ಹಾಗಂತ ನಿಮ್ಮ ಹಳೇ ಸೂಕ್ಷ್ಮ ಕೈಯನ್ನು ಎಸೆಯಬೇಡಿ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಲ್ಲಿ ಆ ನಯವೇ ಜೀವ. ನಿಮಗೆ ಬೇಕಾದ ಕಡೆ ಅದನ್ನು ಬಳಸಿ, ಆ ಮೂರು ನಾಲ್ಕು ಹೂವಿಗೆ ಬೇಕಲ್ವಾ?

ಪ್ರಶ್ನೆ ಕೇಳಿದವರು:
ಕಾಲೇಜಿನ ಜ್ಯೂರಿಯಲ್ಲಿ (ಚಿತ್ರ ನೋಡಿ ಅಂಕ ಕೊಡುವವರ ಮುಂದೆ) "ಇದು ಮುಗಿದಿಲ್ಲ" ಅಂದರೆ?

ಮೈಸೂರಿನವರು:
ಅನ್ನುತ್ತಾರೆ, ನನಗೂ ಅಂದಿದ್ದರು. ಬೆಂಕಿಪೊಟ್ಟಣದಷ್ಟರ ಆ ಪೆನ್ಸಿಲ್ ಚೌಕಗಳು, ಬಸ್ ಸ್ಟ್ಯಾಂಡಿನ ನೋಟ್‌ಬುಕ್, ಎರಡನ್ನೂ ಚಿತ್ರದ ಪಕ್ಕದಲ್ಲೇ ಇಡಿ. ಏನನ್ನು ಬೇಕೆಂದೇ ಬಿಟ್ಟಿದ್ದೀರಿ ಅಂತ ತೋರಿಸಬಹುದು. ಹಳೇ ಶೈಲಿಯ ಒಂದು ಚಿತ್ರವನ್ನೂ ಜೊತೆಗಿಡಿ, ಬಾರದ್ದಕ್ಕೆ ಬಿಟ್ಟಿದ್ದಾಳೆ ಅನ್ನುವ ಮಾತು ಬರುವುದಿಲ್ಲ.