ಡಿಮ್ ಸಮ್ ಹೋಟೆಲಿಗೆ ಕನ್ನಡದಲ್ಲಿ ಏನೆನ್ನೋಣ?

ಆತ್ಮೀಯರೇ,

ಹಾಂಗ್‌ಕಾಂಗ್‌ನ ತಿಂಡಿತಿನಿಸುಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವುದು ಬಡಾವಣೆಯ ಸಣ್ಣ ಡಿಮ್ ಸಮ್ ಹೋಟೆಲು, ಎಂದರೆ ಚಹಾದ ಜೊತೆ ತಿನ್ನುವ ಪುಟ್ಟ ಪುಟ್ಟ ತಿಂಡಿಗಳ ಜಾಗ. ತಿಂಡಿಗಳ ಹೆಸರು ಅಚ್ಚಾದ ಚೀಟಿಯಲ್ಲಿ ಬೇಕಾದವುಗಳಿಗೆ ಗುರುತು ಹಾಕಿ ಕೊಟ್ಟರೆ ಸಾಕು, ಬಿದಿರಿನ ಪುಟ್ಟ ಬುಟ್ಟಿಗಳು ಹಬೆಯಾಡುತ್ತ ಒಂದರ ಹಿಂದೊಂದು ಬರುತ್ತವೆ. ಗಿರಾಕಿಗಳು ಹೆಚ್ಚಿದ್ದರೆ ಗುರುತುಪರಿಚಯವಿಲ್ಲದವರೂ ಒಂದೇ ಮೇಜಿಗೆ ಕೂರುತ್ತಾರೆ. ಚಹಾಕ್ಕೆ ಇನ್ನಷ್ಟು ಬಿಸಿನೀರು ಬೇಕಾದರೆ ಯಾರನ್ನೂ ಕೂಗಬೇಕಿಲ್ಲ. ಚಹಾಪಾತ್ರೆಯ ಮುಚ್ಚಳವನ್ನು ಓರೆಯಾಗಿ ಇಟ್ಟರೆ ಬಂದು ತುಂಬಿಸಿ ಹೋಗುತ್ತಾರೆ.

ಇಂಥ ಜಾಗವನ್ನು ‘ದರ್ಶಿನಿ’ ಎನ್ನಬಹುದೇ? ಬೆಲೆಗೂ ವೇಗಕ್ಕೂ ಆ ಪದ ಒಪ್ಪುತ್ತದೆ. ಆದರೆ ದರ್ಶಿನಿ ಎಂದೊಡನೆ ಬೆಂಗಳೂರಿನವರ ಕಣ್ಣಿಗೆ ಬರುವುದು ಟೋಕನ್ ಪಡೆದು ನಿಂತೇ ತಿನ್ನುವ ಜಾಗ. ಇಲ್ಲಿ ಕುಳಿತು, ನಾಲ್ಕಾರು ಬುಟ್ಟಿಗಳನ್ನು ನಡುವೆ ಇಟ್ಟುಕೊಂಡು ಹಂಚಿಕೊಂಡು ತಿನ್ನುವುದೇ ರೂಢಿ. ‘ಉಪಾಹಾರ ಮಂದಿರ’ ಫಲಕಕ್ಕೆ ಚೆನ್ನ, ವಾಕ್ಯದೊಳಗೆ ಭಾರ. ನನಗೆ ಒಪ್ಪುವುದು ‘ತಿಂಡಿ ಹೋಟೆಲು’. ಊಟ ಬೇರೆ, ತಿಂಡಿ ಬೇರೆ ಎಂಬ ನಮ್ಮ ಎಣಿಕೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ‘ಡಿಮ್ ಸಮ್’ ಎಂಬುದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ‘ಹೃದಯವನ್ನು ಮುಟ್ಟುವುದು’ ಎಂದು ಬರೆಯುವ ಚಾಳಿಯೊಂದಿದೆ. ಇಂದಿನ ಬಳಕೆಯಲ್ಲಿ ಆ ಮಾತಿಗೆ ತಿಂಡಿ ಎಂದಷ್ಟೇ ಅರ್ಥ. ಅದಕ್ಕೆ ಕಾವ್ಯ ತೊಡಿಸುವುದು ಬೇಡ.

ಇನ್ನೊಂದು ಸ್ವಾರಸ್ಯ. ಹಾಂಗ್‌ಕಾಂಗ್‌ನ ಮಾತಾದ ಕ್ಯಾಂಟನೀಸ್ ಆಡುವ ಜನ ‘ಡಿಮ್ ಸಮ್ ತಿನ್ನಲು ಹೋಗೋಣ’ ಎನ್ನುವುದಕ್ಕಿಂತ ಹೆಚ್ಚಾಗಿ ‘ಯಮ್ ಚಾ’ಕ್ಕೆ, ಎಂದರೆ ಚಹಾ ಕುಡಿಯಲು, ಹೋಗೋಣ ಎನ್ನುತ್ತಾರೆ. ಹೆಸರು ಚಹಾದ್ದು, ಹೊಟ್ಟೆ ತುಂಬುವುದು ತಿಂಡಿಯಿಂದ. ‘ಒಂದು ಬಟ್ಟಲು, ಎರಡು ತುಣುಕು’ ಎಂಬ ಹಳೆಯ ನುಡಿಗಟ್ಟಿನಲ್ಲೂ ಚಹಾದ ಬಟ್ಟಲೇ ಮೊದಲು. ಇದನ್ನು ‘ಚಹಾಪಾನ’ ಎಂದರೆ ಸಭೆಯ ಮಧ್ಯೆ ಕೊಡುವ ಲೋಟ ನೆನಪಾಗುತ್ತದೆ. ‘ಚಹಾ-ತಿಂಡಿ’ ಎಂದರೆ ಎರಡೂ ಕೂಡಿ ಬರುತ್ತವೆ. ‘ಕಾಫಿ-ತಿಂಡಿ ಆಯಿತೇ?’ ಎಂದು ದಿನಾ ಕೇಳುವ ನಮಗೆ ಈ ಜೋಡಿ ಹೊಸದೇನಲ್ಲ.

ಮುಂದಿನದು ಬರಹದ ಪ್ರಶ್ನೆ. ಇಂಗ್ಲಿಷಿನ ‘ಡಿ’ಯನ್ನು ನೋಡಿ ನಾವು ಡಿಮ್ ಎಂದು ಬರೆಯುತ್ತೇವೆ. ಮೂಲದಲ್ಲಿ ಅದು ಘೋಷವೂ ಅಲ್ಲ, ಮಹಾಪ್ರಾಣವೂ ಅಲ್ಲ. ನಮ್ಮ ‘ತಿ’ಗೆ ಹತ್ತಿರ. 2009ರಲ್ಲಿ ಹಾಂಗ್‌ಕಾಂಗ್‌ನ ಮೋಂಗ್ ಕೋಕ್ ಬಡಾವಣೆಯಲ್ಲಿ ಸುಮಾರು 20 ಆಸನಗಳೊಂದಿಗೆ ಶುರುವಾಗಿ, ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಕೈಪಿಡಿಯಲ್ಲಿ ಮರುವರ್ಷ ಒಂದು ನಕ್ಷತ್ರ ಪಡೆದ ‘ಟಿಮ್ ಹೋ ವಾನ್’ ಹೋಟೆಲಿನ ಮೊದಲ ಅಕ್ಷರವಾದರೋ ಉಸಿರು ತುಂಬಿದ ‘ಥಿ’. ತಿ, ಥಿ ಎರಡನ್ನೂ ಬೇರೆಯಾಗಿ ತೋರಿಸಬಲ್ಲ ಲಿಪಿ ನಮ್ಮಲ್ಲಿದ್ದೂ ಇಂಗ್ಲಿಷಿನ ದಾರಿಯನ್ನೇ ಹಿಡಿಯಬೇಕೇ? ಆದರೂ ‘ಡಿಮ್ ಸಮ್’ ಪತ್ರಿಕೆಗಳಲ್ಲಿ ನೆಲೆಯೂರಿಬಿಟ್ಟಿದೆ. ಅದನ್ನು ಕದಲಿಸುವುದು ನನಗೆ ಸರಿಕಾಣದು. ತಿಂಡಿಗಳ ಹೆಸರಿನಲ್ಲಿ ಮಾತ್ರ ಎಚ್ಚರ ಬೇಕು. ಸೀಗಡಿ ತುಂಬಿದ ‘ಹಾ ಕಾವ್’ ಇಂಗ್ಲಿಷ್ ಬರಹದಲ್ಲಿ ರಕಾರ ಸೇರಿಸಿಕೊಂಡಿದೆ. ಅದು ಸ್ವರವನ್ನು ಎಳೆಯಲು ಇಟ್ಟ ಗುರುತು, ಉಚ್ಚಾರದಲ್ಲಿ ‘ರ್’ ಇಲ್ಲವೇ ಇಲ್ಲ. ಕನ್ನಡದಲ್ಲಿ ‘ಹರ್ ಗೌ’ ಎಂದು ಬರೆದರೆ ಇಲ್ಲದ ಅಕ್ಷರವೊಂದು ಬಾಯಿಗೆ ಬಂದು ಕೂರುತ್ತದೆ.

ಕೊನೆಯದಾಗಿ, ಇದೇ ಹಾ ಕಾವ್ ಅನ್ನು ವಿವರಿಸಲು ‘ಸೀಗಡಿ ಕಡುಬು’ ಎನ್ನಬಹುದೇ? ಗೋಧಿಯ ಪಿಷ್ಟದಿಂದ ಮಾಡಿದ ಹೊದಿಕೆ ಬೆಂದಾಗ ಅರೆಪಾರದರ್ಶಕವಾಗಿ, ಒಳಗಿನ ಸೀಗಡಿಯ ನಸುಗೆಂಪು ಹೊರಗೆ ಕಾಣುತ್ತದೆ; ಅಂಚಿನಲ್ಲಿ ಒತ್ತೊತ್ತಾದ ನೆರಿಗೆ. ಮೋಮೊ ಎಂದರೆ ಹಿಮಾಲಯದ ಕಡೆಯ ಮೈದಾ ಹಿಟ್ಟಿನ ತಿಂಡಿಯಾಗಿಬಿಡುತ್ತದೆ, ಅದು ಬೇಡ. ಉತ್ತರ ಕರ್ನಾಟಕದವರಿಗೆ ಕಡುಬು ಎಂದರೆ ಹೂರಣವಿರುವ ತಿಂಡಿ, ಹಾಗಾಗಿ ಅವರಿಗೆ ತೊಡಕಿಲ್ಲ. ಕರಾವಳಿಯ ಕೊಟ್ಟೆ ಕಡುಬಿನಲ್ಲಿ ಹೂರಣವೇ ಇರುವುದಿಲ್ಲ. ಆ ಕಡೆಯ ಓದುಗರಿಗೆ ‘ಸೀಗಡಿ ಕಡುಬು’ ಎಂದರೆ ಹಿಟ್ಟಿನಲ್ಲೇ ಸೀಗಡಿ ಕಲಸಿದಂತೆ ತೋರುತ್ತದೆಯೇ? ಮಂಗಳೂರು, ಕುಂದಾಪುರದ ಕಡೆಯವರು ದಯವಿಟ್ಟು ತಿಳಿಸಿ. ‘ಸೀಗಡಿ ತುಂಬಿದ ಕಡುಬು’ ಎಂದು ಬಿಡಿಸಿ ಬರೆಯಲೂ ನಾನು ಸಿದ್ಧ.