ಏಳು ತಿಂಗಳ ಮಗು, ಕಂಗಿನ ಬುಡದ ಬಸಳೆ

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರದ ಒಬ್ಬ ತಾಯಿ):
ಡಾಕ್ಟ್ರೇ, ನಮಸ್ಕಾರ. ಮೊನ್ನೆ ಮಗಳಿಗೆ ಏಳು ತಿಂಗಳು ತುಂಬಿತು. ಎದೆಹಾಲು ಕುಡಿಯುತ್ತಾಳೆ. ಒಂದು ತಿಂಗಳಿಂದ ಕುಚ್ಚಲಕ್ಕಿ ಗಂಜಿಯ ತೆಳಿ, ಸಂಜೆಗೆ ಕೂವೆ (ಆರಾರೂಟ್) ಹುಡಿ ಕಾಯಿಸಿ ಕೊಡುತ್ತೇವೆ. ಈ ಸಲ ಅಂಗನವಾಡಿಯಲ್ಲಿ ತೂಕ ನೋಡಿದರೆ ಹೋದ ತಿಂಗಳಷ್ಟೇ ಉಂಟು. ಮನೆ ಹಿಂದೆ ಅತ್ತೆ ಬಸಳೆ, ಹರಿವೆ ಮಾಡಿದ್ದಾರೆ, ಒಳ್ಳೆ ಸೊಂಪಾಗಿ ಬಂದಿದೆ. "ಸೊಪ್ಪು ಬೇಯಿಸಿ ಅರೆದು ಕೊಡು, ರಕ್ತ ಆಗ್ತದೆ" ಅಂತ ಅತ್ತೆ. "ವರ್ಷ ಆಗುವವರೆಗೆ ಸೊಪ್ಪು ಬೇಡ, ಶೀತ" ಅಂತ ನನ್ನ ಅಮ್ಮ. ಈಗ ಅವರಿಬ್ಬರೂ ಫೋನಿನಲ್ಲಿ ಮಾತಾಡುವುದೇ ಕಡಿಮೆಯಾಗಿದೆ. ಯಾರ ಮಾತು ಕೇಳಲಿ?

ಉತ್ತರ (ಡಾಕ್ಟರ್):
ಅತ್ತೆಯವರದು ಮುಕ್ಕಾಲು ಸರಿ. ಇದನ್ನು ಅಮ್ಮನಿಗೆ ಓದಿ ಹೇಳಲು ಹೋಗಬೇಡಿ.

ಸೊಪ್ಪಿನ ಮಾತು ಆಮೇಲೆ. ತೂಕ ನಿಂತದ್ದು ಸೊಪ್ಪಿಲ್ಲದೆ ಅಲ್ಲ, ತೆಳಿಯಿಂದ. ತೆಳಿ ಅಂದರೆ ಹೆಚ್ಚುಕಡಿಮೆ ಬರೀ ನೀರು. ಕೂವೆ ಹುಡಿ ಬರೀ ಪಿಷ್ಟ, ಹೊಟ್ಟೆಗೆ ಹಗುರ ಅನ್ನುವುದು ನಿಜ, ಆದರೆ ಅದರಲ್ಲಿ ಪ್ರೋಟೀನೂ ಇಲ್ಲ, ಕಬ್ಬಿಣವೂ ಇಲ್ಲ ಎನ್ನುವಷ್ಟು ಕಡಿಮೆ. ಮಗುವಿನ ಹೊಟ್ಟೆ ಎಷ್ಟು ದೊಡ್ಡದು ಹೇಳಿ? ಅದರಲ್ಲಿ ತೆಳಿ ತುಂಬಿದರೆ ಎದೆಹಾಲಿಗೂ ಜಾಗ ಉಳಿಯುವುದಿಲ್ಲ. ಕುಡಿದ ಮಗು ತೃಪ್ತಿಯಲ್ಲಿ ಮಲಗುತ್ತದೆ, ಮನೆಯವರು ಹೊಟ್ಟೆ ತುಂಬಿತು ಅಂದುಕೊಳ್ಳುತ್ತಾರೆ.

ಅದೇ ಕುಚ್ಚಲಕ್ಕಿ ಅನ್ನವನ್ನು ಮೆತ್ತಗೆ ಬೇಯಿಸಿ, ಬೆಂದ ಹೆಸರುಬೇಳೆ ಸೇರಿಸಿ ಕಿವುಚಿ. ಚಮಚ ಓರೆ ಮಾಡಿದರೆ ಅದು ಸುರಿಯಬಾರದು, ಮೆಲ್ಲಗೆ ಜಾರಬೇಕು. ಮೇಲಿಂದ ಒಂದು ಸಣ್ಣ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಹಾಕಿ. ಉಪ್ಪು, ಸಕ್ಕರೆ ಬೇಡ. ನಿಮ್ಮ ನಾಲಿಗೆಗೆ ಸಪ್ಪೆ ಅನಿಸಿದ್ದು ಅವಳಿಗೆ ಸಪ್ಪೆಯಲ್ಲ. ದಿನಕ್ಕೆ ಎರಡು ಮೂರು ಸಲ, ಎರಡು ಮೂರು ಚಮಚದಿಂದ ಶುರು ಮಾಡಿ ನಿಧಾನಕ್ಕೆ ಪ್ರತಿ ಸಲ ಅರ್ಧ ಲೋಟದವರೆಗೆ ಏರಿಸಿ. ಎದೆಹಾಲು ನಿಲ್ಲಿಸಬೇಡಿ, ಅದು ಎರಡು ವರ್ಷ ದಾಟಿದರೂ ಒಳ್ಳೆಯದೇ. ರಾಗಿ ಮೊಳಕೆ ಬರಿಸಿ, ಒಣಗಿಸಿ, ಹುಡಿ ಮಾಡಿ ಮಣ್ಣಿ ಕಾಯಿಸಿದರೆ ಇನ್ನೂ ಒಳ್ಳೆಯದು. ಮೊಳಕೆ ಬಂದರೆ ಅದರ ಕಬ್ಬಿಣ ಮೈಗೆ ಹತ್ತುವುದು ಸುಲಭ.

ಈಗ ಸೊಪ್ಪು. ಹುಟ್ಟುವಾಗ ಮಗು ತಾಯಿಯಿಂದ ತಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಹಾಗಾಗಿ ಹರಿವೆ, ನುಗ್ಗೆ ಸೊಪ್ಪು ಈಗಲೇ ಶುರು ಮಾಡಬಹುದು, ಶೀತ ಏನೂ ಆಗುವುದಿಲ್ಲ. ದಂಟು ತೆಗೆದು ಎಳೆ ಎಲೆ ಮಾತ್ರ ತೊಳೆದು, ಬೇಯಿಸಿ, ನುಣ್ಣಗೆ ಅರೆದು ಅನ್ನ-ಬೇಳೆಗೆ ಒಂದು ಚಮಚ ಬೆರೆಸಿ. ಎರಡು ಹನಿ ಲಿಂಬೆರಸ ಹಿಂಡಿ, ಸೊಪ್ಪಿನ ಕಬ್ಬಿಣ ಹುಳಿ ಜೊತೆಗಿದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಅರೆದ ಸೊಪ್ಪನ್ನು ರಾತ್ರಿಗೆ, ಮರುದಿನಕ್ಕೆ ಇಡಬೇಡಿ. ಬಸಳೆ ವಾರಕ್ಕೊಂದೆರಡು ಸಲ ಸಾಕು, ಅದರಲ್ಲಿ ಆಕ್ಸಲೇಟ್ (ಊಟದ ಸುಣ್ಣದಂಶ ಮೈಗೆ ಹತ್ತದಂತೆ ಹಿಡಿದಿಡುವ ಅಂಶ) ಜಾಸ್ತಿ. ಕೆಸು ಮಾತ್ರ ಈ ವಯಸ್ಸಿಗೆ ಬೇಡವೇ ಬೇಡ, ಸರಿ ಬೇಯದಿದ್ದರೆ ದೊಡ್ಡವರ ಗಂಟಲೇ ತುರಿಸುತ್ತದೆ.

ಅತ್ತೆಯವರ ಉಳಿದ ಕಾಲು ಪಾಲು ಇಲ್ಲಿ: ಸೊಪ್ಪೊಂದರಿಂದಲೇ ರಕ್ತ ಆಗುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ಇದೆಯಲ್ಲ, ವಾರಕ್ಕೆರಡು ಸಲ 1 ಮಿಲಿ, ಆರು ತಿಂಗಳಿಂದ ಐದು ವರ್ಷದವರೆಗೆ. ಅದನ್ನು ಶೋಕೇಸಿನಲ್ಲಿ ಇಡಬೇಡಿ, ಕೊಡಿ. ಮಲ ಕಪ್ಪಾದರೆ ಹೆದರಬೇಕಿಲ್ಲ.

ಅದೇ ತಾಯಿ:
ಡಾಕ್ಟ್ರೇ, ಸಿರಪ್ ಶೋಕೇಸಿನಲ್ಲೇ ಉಂಟು, ಹೇಗೆ ಗೊತ್ತಾಯ್ತು! ಇನ್ನೊಂದು ಸಂಶಯ. ಬಸಳೆ ಚಪ್ಪರ, ಹರಿವೆ ಪಾತಿ ಎರಡೂ ತೋಟದ ಬದಿಯಲ್ಲಿ, ಕಂಗಿನ (ಅಡಿಕೆ ಮರದ) ಕೆಳಗೆ. ಪತ್ತನಾಜೆ ಕಳೆಯಿತು, ಮಳೆಗಾಲ ಹತ್ತಿರ ಬಂತು, ಬರುವ ವಾರ ಕಂಗಿಗೆ ಮದ್ದು ಬಿಡುವವರು ಬರುತ್ತಾರೆ. ಆ ಸೊಪ್ಪು ಕೊಡಬಹುದಾ?

ಡಾಕ್ಟರ್:
ಇದನ್ನು ನಾನು ಕೇಳಬೇಕಿತ್ತು, ನೀವೇ ಕೇಳಿದಿರಿ. ನನ್ನ ಉತ್ತರ: ಆ ಸೊಪ್ಪು ಕೊಡಬೇಡಿ. ಉಳಿದದ್ದು ಮಾವ ಹೇಳಲಿ. (ಹೊಸಬರಿಗೆ: ಈ ಗುಂಪಿನಲ್ಲಿ ಮಾವ ಅಂದರೆ ಕೃಷಿ ಭವನದಿಂದ ನಿವೃತ್ತರಾದವರು.)

ಉತ್ತರ (ಮಾವ):
ನಮ್ಮ ಜಿಲ್ಲೆಯಲ್ಲಿ ಮದ್ದು ಅಂದ ಕೂಡಲೇ ಎಂಡೋಸಲ್ಫಾನ್ ನೆನಪಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಬಿಟ್ಟದ್ದು, 2000ದ ಹೊತ್ತಿಗೆ ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು ಎಲ್ಲರಿಗೂ ಗೊತ್ತು. ಕಂಗಿಗೆ ಬಿಡುವ ಮದ್ದು ಬೋರ್ಡೋ ದ್ರಾವಣ, ಅದು ಆ ಜಾತಿಯದ್ದಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆದರೆ ಮೈಲುತುತ್ತು ಅಂದರೆ ತಾಮ್ರ, ಅದು ಮಗುವಿನ ಊಟಕ್ಕೆ ಹೇಳಿದ್ದಲ್ಲ.

ತೊಳೆದರೆ ಹೋಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಯೋಚಿಸಿ ನೋಡಿ: ಆಟಿ ತಿಂಗಳ ಮಳೆಯಲ್ಲಿಯೂ ಗೊನೆಯಲ್ಲಿ ನಿಂತು ಕೊಳೆರೋಗ ತಡೆಯಬೇಕು ಅಂತಲೇ ಅದನ್ನು ಮಾಡುವುದು, ಮೇಲಿಂದ ರಾಳದ ಅಂಟು ಬೇರೆ ಸೇರಿಸುತ್ತಾರೆ. ನಿಮ್ಮ ಅಡುಗೆಮನೆಯ ಎರಡು ನೀರಿಗೆ ಅದು ಬಿಡುತ್ತದಾ? ಬಿಟ್ಟ ದಿನ ಮಾತ್ರವಲ್ಲ, ಆಮೇಲಿನ ಪ್ರತಿ ಮಳೆಗೂ ಸೋಗೆಯಿಂದ ಹನಿ ಇಳಿಯುತ್ತಿರುತ್ತದೆ. 40-45 ದಿನಕ್ಕೆ ಎರಡನೇ ಸಲ ಬಿಡುವ ಹೊತ್ತು ಬರುತ್ತದೆ. ಅಂದರೆ ಮಳೆಗಾಲ ಮುಗಿಯುವವರೆಗೆ ಕಂಗಿನ ಬುಡದ ಸೊಪ್ಪು ಮಗುವಿನ ಬಟ್ಟಲಿಗೆ ಬೇಡ.

ಹಾಗಂತ ಅತ್ತೆಯವರ ಬಸಳೆ ಕಿತ್ತೆಸೆಯಬೇಡಿ, ಅವರಿಗೆ ಬೇಸರವಾದೀತು. ಮದ್ದು ಬಿಡುವ ಮೊದಲೇ ಚಪ್ಪರದ ಬಸಳೆಯನ್ನೆಲ್ಲ ಕೊಯ್ದು ಬಿಡಿ. ನಾಲ್ಕು ಒಳ್ಳೆ ಬಳ್ಳಿ ಆರಿಸಿ, ಎರಡು ಮೂರು ಗೆಣ್ಣು ಬರುವ ಹಾಗೆ ಕತ್ತರಿಸಿ ಗ್ರೋ ಬ್ಯಾಗಿಗೆ ಊರಿ. ಜಾಲಿನ (ಅಂಗಳದ) ಇನ್ನೊಂದು ಬದಿಯಲ್ಲಿ, ಕಂಗು ದೂರ ಇರುವಲ್ಲಿ, ಬಿಸಿಲು ಬೀಳುವಲ್ಲಿ ಇಡಿ. ತಾರಸಿಯಾದರೆ ಇನ್ನೂ ಒಳ್ಳೆಯದು. ನಮ್ಮದು ಮುರಕಲ್ಲು ಮಣ್ಣು, ಹುಳಿ ಜಾಸ್ತಿ, ಚೀಲ ತುಂಬುವ ಮಣ್ಣಿಗೆ ಒಂದು ಹಿಡಿ ಸುಣ್ಣ ಬೆರೆಸಿ ಒಂದೆರಡು ವಾರ ಬಿಟ್ಟು ಹಟ್ಟಿ ಗೊಬ್ಬರ ಹಾಕಿ. ಗೊಬ್ಬರ ಹಳತಾಗಿರಬೇಕು, ಹಸಿ ಸೆಗಣಿ ಬೇಡ.

ಹರಿವೆಗೆ ಮೇಲೆ ಪ್ಲಾಸ್ಟಿಕ್ ಶೀಟಿನ ಮಾಡು ಬೇಕೇ ಬೇಕು, ನಮ್ಮ ಮಳೆಗೆ ಸಸಿ ನೆಲ ಕಚ್ಚುತ್ತದೆ. ಮಳೆಗಾಲದಲ್ಲಿ ಕೆಂಪು ಹರಿವೆಗೆ ಎಲೆಚುಕ್ಕೆ ಬೇಗ, ಹಸಿರು ಹರಿವೆ ತಡೆದುಕೊಳ್ಳುತ್ತದೆ, ಹಾಗಾಗಿ ಎರಡನ್ನೂ ಬೆರೆಸಿ ಬಿತ್ತಿ. ಬೀಜಕ್ಕೆ ಒಂದು ಮುಷ್ಟಿ ರವೆ ಸೇರಿಸಿ ಚೆಲ್ಲಿದರೆ ಇರುವೆ ರವೆ ಹೊತ್ತುಕೊಂಡು ಹೋಗುತ್ತದೆ, ಬೀಜ ಉಳಿಯುತ್ತದೆ. ಒಂದು ತಿಂಗಳಿಗೆ ಕೊಯ್ಯಬಹುದು. ಓಣಂ ತರಕಾರಿಯ ಬೀಜದ ಪ್ಯಾಕೆಟ್ ಕೃಷಿ ಭವನದಲ್ಲಿ ಕೊಡುವ ಸಮಯವೂ ಹತ್ತಿರ ಬಂತು, ವಿಚಾರಿಸಿ.

ಇನ್ನೊಂದು. ಮದ್ದು ಕಲಸುವ ಡ್ರಮ್ಮನ್ನು ಬಾವಿಕಟ್ಟೆಯ ಹತ್ತಿರ ಇಡಲು ಬಿಡಬೇಡಿ. ನೀರು ಸೇದಲು ಸುಲಭ ಅಂತ ಅಲ್ಲೇ ಇಡುತ್ತಾರೆ.

ಪ್ರಶ್ನೆ (ಕುಂಬಳೆಯವರು, ಈಗ ದುಬೈಯಲ್ಲಿ):
ಸರ್, ನನ್ನ ಮಗನಿಗೆ ಐದು ತಿಂಗಳು. ಊರಲ್ಲಿ ಅಮ್ಮ ದಿನಾ ಬಜೆ ತೇದು ಜೇನಲ್ಲಿ ನೆಕ್ಕಿಸುತ್ತಾರಂತೆ, ಮಾತು ಬೇಗ ಬರುತ್ತದೆ ಅಂತ. ನಮಗೂ ಹಾಗೆಯೇ ಕೊಟ್ಟದ್ದು, ನಾವು ಚೆನ್ನಾಗೇ ಇದ್ದೇವಲ್ಲ?

ಉತ್ತರ (ಡಾಕ್ಟರ್):
ನೀವು ಚೆನ್ನಾಗಿರುವುದು ಬಜೆಯಿಂದ ಅಲ್ಲ, ಬಜೆ ತಿಂದೂ. ಇವತ್ತೇ ನಿಲ್ಲಿಸಿ, ಎರಡನ್ನೂ. ವರ್ಷದ ಒಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿ ಇರಬಹುದಾದ ಬೊಟುಲಿನಮ್ ಬೀಜಾಣು ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ, ಮಗು ಸೋತು ಬೀಳುತ್ತದೆ, ಮನೆಯ ಜೇನುಪೆಟ್ಟಿಗೆಯದ್ದಾದರೂ ಅಷ್ಟೇ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಇದೆ, ಅಮೆರಿಕದಲ್ಲಿ 1968ರಿಂದಲೇ ಅದನ್ನು ಆಹಾರಕ್ಕೆ ಸೇರಿಸುವಂತಿಲ್ಲ. ಬಜೆ ಕೊಟ್ಟ ಮಗು ಅಳದೆ ಮಲಗಿದರೆ ಮನೆಯವರಿಗೆ ಸಮಾಧಾನ, ನನಗೆ ದಿಗಿಲು. ಐದು ತಿಂಗಳಿಗೆ ಎದೆಹಾಲು ಮಾತ್ರ, ನೀರೂ ಬೇಡ. ಅಮ್ಮನಿಗೆ ಫೋನಿನಲ್ಲಿ ಬಯ್ಯಬೇಡಿ. ಡಾಕ್ಟರ್ ಹೇಳಿದ್ದು ಅಂತ ನನ್ನ ಮೇಲೆ ಹಾಕಿ, ನನಗೆ ಅಭ್ಯಾಸ ಉಂಟು.

ಪ್ರಶ್ನೆ (ಬದಿಯಡ್ಕದಿಂದ):
ಅಂಗನವಾಡಿಯ ಅಮೃತಂ ಹುಡಿ ಒಳ್ಳೆಯದಾ? ನಮ್ಮಲ್ಲಿ ಅದು ಕರುವಿಗೆ ಹೋಗುತ್ತದೆ.

ಉತ್ತರ (ಡಾಕ್ಟರ್):
ಕರು ದಷ್ಟಪುಷ್ಟವಾಗಿರಬಹುದು! ಆ ಹುಡಿಯ ಪಾಕ ರೂಪಿಸಿದ್ದೇ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಮಾಡುವುದು ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಹೆಂಗಸರು. ಗೋಧಿ, ಕಡಲೆ, ನೆಲಗಡಲೆ, ಸೋಯಾ ಇದೆ, ಪ್ರೋಟೀನಿಗೆ ಚೆನ್ನ. ಸಕ್ಕರೆಯೂ ಇದೆ, ಅದೊಂದು ನನಗೆ ಅಷ್ಟು ಇಷ್ಟವಿಲ್ಲ. ಆದ್ದರಿಂದ ಮೇಲಿಂದ ಬೆಲ್ಲ ಹಾಕಬೇಡಿ, ರಾಗಿಯ ಜೊತೆ ಅರ್ಧಕ್ಕರ್ಧ ಬೆರೆಸಿ ಕಾಯಿಸಿ. ಮೊದಲ ಸಲ ಸ್ವಲ್ಪವೇ ಕೊಟ್ಟು ಮೈಯಲ್ಲಿ ದದ್ದು ಏಳುತ್ತದಾ ನೋಡಿ, ನೆಲಗಡಲೆ ಇರುವುದರಿಂದ.

ಪ್ರಶ್ನೆ (ಮುಳ್ಳೇರಿಯದಿಂದ):
ನಾವು ಮೊಟ್ಟೆ ತಿನ್ನುವವರಲ್ಲ. ಮಗುವಿಗೆ ಕೊರತೆ ಆಗುತ್ತದಾ?

ಉತ್ತರ (ಡಾಕ್ಟರ್):
ತಿನ್ನುವವರಿಗೆ ಆರು ತಿಂಗಳಿಂದಲೇ ಗಟ್ಟಿ ಬೇಯಿಸಿದ ಮೊಟ್ಟೆ ಕೊಡಬಹುದು. ಬೇಡದವರು ಬೇಳೆ, ಮೊಸರು, ಸೊಪ್ಪು, ಚೀನಿಕಾಯಿ (ಸಿಹಿಗುಂಬಳ) ದಿನಾ ಬದಲಿಸಿ ಕೊಡಿ, ಸಿರಪ್ ತಪ್ಪಿಸಬೇಡಿ. ದನದ ಹಾಲು ಕುಡಿಸುವುದು ವರ್ಷ ತುಂಬಿದ ಮೇಲೆ, ಮನೆಯಲ್ಲಿ ಕರೆಯುವ ಹಸು ಇದ್ದರೂ.

ಪೆರ್ಲದ ತಾಯಿ, ಸಂಜೆ:
ಮಧ್ಯಾಹ್ನ ಅನ್ನ-ಬೇಳೆ ಗಟ್ಟಿ ಮಾಡಿ ಕೊಟ್ಟೆ. ನಾಲ್ಕು ಚಮಚ ತಿಂದಳು, ಐದನೆಯದು ಅತ್ತೆಯ ಸೀರೆಗೆ ಬಿತ್ತು. ಬಸಳೆ ಕೊಯ್ಯಲು ಅತ್ತೆ ಮೊದಲು ಒಪ್ಪಲಿಲ್ಲ, ಮಾವ ಬರೆದದ್ದನ್ನು ಓದಿ ಹೇಳಿದೆ. ಈಗ ಜಾಲಿನ ಮೂಲೆಯಲ್ಲಿ ಏಳು ಗ್ರೋ ಬ್ಯಾಗ್ ಸಾಲಾಗಿ ನಿಂತಿವೆ. ಸಾಂಬಾರಿಗೆ ಸಾಕಾಗಿ ಮಿಕ್ಕ ಬಸಳೆಯನ್ನು ನನ್ನ ಅಮ್ಮನ ಮನೆಗೆ ಕಳುಹಿಸಿದ್ದಾರೆ, ಬಸ್ಸಿನಲ್ಲಿ.

ಡಾಕ್ಟರ್:
ಒಳ್ಳೆಯದಾಯ್ತು. ಒಂದು ತಿಂಗಳು ಬಿಟ್ಟು ಅದೇ ತಕ್ಕಡಿಯಲ್ಲಿ ತೂಕ ನೋಡಿಸಿ. ಆಗಲೂ ಏರದಿದ್ದರೆ ಕಾರ್ಡ್ ಹಿಡಿದುಕೊಂಡು ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಂಗೈ ಬಿಳಿಚಿಕೊಂಡ ಹಾಗೆ ಕಂಡರೆ ಅಷ್ಟು ದಿನ ಕಾಯಬೇಡಿ, ಕೂಡಲೇ ಹೋಗಿ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದು ಉಂಟು, ಆವಾಗಲೇ ವಿಟಮಿನ್ ಎ ಹನಿಯನ್ನೂ ಕೇಳಿ ಹಾಕಿಸಿಕೊಳ್ಳಿ.