ನಿಂಬೆಹಣ್ಣಿನಷ್ಟು ಮರದೊಳಗೆ ಉಳಿ ತಿರುಗಿದ್ದು ಹೇಗೆ?

ಹೊಸ ಉಳಿ:
ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿರುವ ‘ಪ್ರೇಯರ್ ನಟ್’ ಫೋಟೊ ನೋಡಿದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಪ್ರಾರ್ಥನೆಗೆ ಕೈಯಲ್ಲಿ ಹಿಡಿಯುತ್ತಿದ್ದ ಮರದ ಗುಂಡು. ಕೀಲು ತೆರೆದರೆ ಒಳಗೆ ಬೈಬಲ್ಲಿನ ದೃಶ್ಯ, ಜನರ ಗುಂಪು. ಮುಂದೆ ನಿಂತವರ ಹಿಂದಿರುವವರಿಗೂ ಮುಖ ಇದೆ! ಅಷ್ಟು ಸಣ್ಣ ಸಂದಿಯಲ್ಲಿ ಉಳಿ ತಿರುಗುವುದು ಹೇಗೆ? ನಾನು ಕೆತ್ತನೆ ಕಲಿಯಲು ಶುರುಮಾಡಿ ಒಂದು ವರ್ಷ. ಬೆರಳುದ್ದದ ಕುದುರೆ ಮಾಡಿದರೂ ಕಾಲು ಮುರಿಯುತ್ತದೆ.

ನಿಧಾನಿ:
ಆಗ ಭೂತಗನ್ನಡಿ ಎಲ್ಲಿತ್ತು? ಬರೀ ಕಣ್ಣಲ್ಲೇ ಮಾಡಿರಬೇಕು ಅಲ್ವಾ?

ಮರದೆಳೆ:
ಇವು 1500–1530ರ ಸುಮಾರಿನ ನೆದರ್ಲೆಂಡ್ಸ್ ಕಡೆಯ ಕೆಲಸ. ಕನ್ನಡಕದ ಗಾಜು ಯುರೋಪಿನಲ್ಲಿ ಅದಕ್ಕೂ ಮೊದಲೇ ಇತ್ತು.

ಗುಟ್ಟು ಇರುವುದು ಜೋಡಣೆಯಲ್ಲಿ. ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದವರು ಇಂಥ ಗುಂಡುಗಳನ್ನು ಮೈಕ್ರೋ ಸಿ.ಟಿ. ಸ್ಕ್ಯಾನ್ (ಒಡೆಯದೆ ಎಕ್ಸ್‌ರೇಯಲ್ಲಿ ಒಳಗಿನ ಸೂಕ್ಷ್ಮ ಭಾಗ ನೋಡುವ ವಿಧಾನ) ಮಾಡಿಸಿದಾಗ ಒಳಗಿನ ಪದರಗಳು ಕಂಡವು. ಬೇರೆ ಬೇರೆ ತುಂಡು ಕೆತ್ತಿ, ಸಣ್ಣ ಸಣ್ಣ ಮರದ ಮೊಳೆ ಹಾಕಿ ಕೂರಿಸಿದ್ದಾರೆ. ನಮಗೆ ಮಾತ್ರ ಒಂದೇ ತುಂಡಿನ ಹಾಗೆ ಕಾಣುತ್ತದೆ. ಸ್ಕ್ಯಾನ್ ಚಿತ್ರ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮರ ಬಾಕ್ಸ್‌ವುಡ್. ತುಂಬಾ ನಿಧಾನ ಬೆಳೆಯುತ್ತದೆ, ಅದಕ್ಕೇ ಎಳೆ, ಅಂದರೆ ಮರದ ನಾರು, ಅಷ್ಟು ಒತ್ತು. ಚೂಪು ಉಳಿ ಇಟ್ಟರೆ ಸಿಬಿರು ಏಳುವುದಿಲ್ಲ, ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ. ಮೆದು ಮರದಲ್ಲಿ ಆ ಮೂಗು, ಆ ಬೆರಳು ಬರಲ್ಲ.

ನಿಮ್ಮ ಕುದುರೆಯ ವಿಷಯ: ಎಳೆ ಕಾಲಿನುದ್ದಕ್ಕೂ ಹೋಗುವ ಹಾಗೆ ತುಂಡು ಹಿಡಿದುಕೊಳ್ಳಿ. ಕಾಲುಗಳ ನಡುವಿನ ಮರ ಕೊನೆಯವರೆಗೂ ಇರಲಿ. ಹೊಟ್ಟೆ, ಕುತ್ತಿಗೆ, ಕೇಸರ ಎಲ್ಲಾ ಮುಗಿದ ಮೇಲೆ ಅದನ್ನು ತೆಗೆಯಿರಿ.

ನಿಧಾನಿ:
ನಮ್ಮ ಮನೆಯಲ್ಲಿ ಹಳೇ ಕೆತ್ತನೆಯ ಪೆಟ್ಟಿಗೆ ಇದೆ. ಸಂದಿ ತುಂಬಾ ಧೂಳು. ಎಣ್ಣೆ ಹಚ್ಚಲಾ?

ಮರದೆಳೆ:
ದಯವಿಟ್ಟು ಬೇಡ. ಎಣ್ಣೆಗೆ ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ನೀರೂ ಬೇಡ. ಒಮ್ಮೆ ನಾನು ಇಂಥದ್ದೇ ಮುಚ್ಚಳವನ್ನು ಒದ್ದೆ ಹತ್ತಿಯಲ್ಲಿ ಒರೆಸಿದೆ. ಹತ್ತಿಯ ನೂಲು ಒಂದು ಎಲೆಯ ತುದಿಗೆ ಸಿಕ್ಕಿ, ತುದಿ ಕಿತ್ತು ಬಂತು. ಅರ್ಧ ಅಕ್ಕಿಕಾಳಿನಷ್ಟು. ಸಂಜೆಯವರೆಗೂ ನೆಲ ತಡಕಿದೆ, ಸಿಗಲಿಲ್ಲ. ಚಿತ್ರ ಬರೆಯುವ ಮೆತ್ತನೆಯ ಒಣ ಬ್ರಷ್ ಸಾಕು. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಚೂರು ಬಿದ್ದರೆ ಕಾಣಲಿ.

ಹೊಸ ಉಳಿ:
ಮುರಿದ ಕುದುರೆ ಈಗ ತೆಗೆದು ನೋಡಿದೆ ಸಾರ್. ಮೂರು ಕಾಲಿನಲ್ಲಿ ಎಳೆ ಅಡ್ಡ ಹೋಗಿದೆ. ಹೊಸ ತುಂಡಿಗೆ ಗುರುತು ಹಾಕಿಟ್ಟೆ. ಈ ಸಲ ಎಳೆ ಗೊರಸಿನ ತನಕ ನೇರ ಇದೆ.